ದಾಟಬಾರದ ಗಾಡಿ

“ಬಿಚ್ಚು, ಉಜ್ಜು, ಎಣ್ಣೆ ಹಾಕು, ಏನ್ ಬೇಕಾದ್ರೂ ಮಾಡ್ಕೋ. ದಾಟೋದ್ ಮಾತ್ರ ವದ್ದು ನಾಯನಾ, ಬೇಡ,” ಎಂದಳು ಮುನಿಯಲ್ಲಮ್ಮ.

ಲಿಯಾಖತ್ ಸ್ಪ್ಯಾನರ್ ಕೆಳಗಿಟ್ಟು ನಕ್ಕ. “ದಾಟ್ದೆ ಹತ್ತೋದ್ ಹೆಂಗಮ್ಮಾ? ಆ ಕಡೆ ಒಂದ್ ಕಾಲು, ಈ ಕಡೆ ಒಂದ್ ಕಾಲು. ಇದೇನ್ ಪಲ್ಲಕ್ಕಿನಾ?”

ಮುದುಕಿ ನಗಲಿಲ್ಲ. ಹುತ್ತೂರಿನ ಆ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಲೇ ಮುದುಕಿಯಾದವಳು ಅವಳು. ಶೆಡ್ಡಿನ ಬಾಗಿಲ ಹೊರಗೇ ನಿಂತು, ತಗ್ಗಿದ ದನಿಯಲ್ಲಿ ಹೇಳಿದಳು. ಮನೆಯ ಹಿಂದಿನ ಯಜಮಾನ ರಾಮಚಂದ್ರಪ್ಪನಿಗೆ ಯಾರೋ ಮಾಟ ಮಾಡಿಸಿದ್ದರು. ಅವನ ಬಲಗಾಲು ಮಂಡಿಯಿಂದ ಕೆಳಗೆ ಒಣಗುತ್ತಾ ಬಂದಿತ್ತು. ಮಂಡಿಯೊಳಗೆ ಯಾರೋ ಕದ ಬಡಿದಂಥ ಸದ್ದು. ಮುಳಬಾಗಿಲು ಕಡೆಯಿಂದ ಬಂದ ಮಂತ್ರವಾದಿ ಅದನ್ನು ಇಳಿ ತೆಗೆದು, ಯಜಮಾನ ಜೀವದಂತೆ ನೋಡಿಕೊಂಡಿದ್ದ ಈ ಮೋಟಾರ್ ಸೈಕಲ್ಲಿಗೆ ಇಳಿಸಿ ಹೋದ. ಅಷ್ಟರಲ್ಲಿ ತಡವಾಗಿತ್ತು, ಯಜಮಾನ ಉಳಿಯಲಿಲ್ಲ. ಮೂರು ದಾರಿ ಕೂಡುವಲ್ಲಿ ಇಳಿ ತೆಗೆದ ನಿಂಬೆಹಣ್ಣು, ಕೆಂಪನ್ನ ಬಿದ್ದಿದ್ದರೆ ಜನ ಸುತ್ತಿಕೊಂಡು ಹೋಗುವುದಿಲ್ಲವೇ? ಇದೂ ಹಾಗೆಯೇ. ಮುಟ್ಟಿದರೆ ಏನೂ ಇಲ್ಲ. ದಾಟಿದರೆ ಅಂಟುತ್ತದೆ.

ಅವಳು ಹೋದಮೇಲೂ ಲಿಯಾಖತ್ ತನ್ನಷ್ಟಕ್ಕೆ ನಗುತ್ತಿದ್ದ. ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಎರಡನೇ ಮಹಾಯುದ್ಧದುದ್ದಕ್ಕೂ ಲಾರಿಗಳ ಹೊಟ್ಟೆ ಬಗೆದವನು ಅವನು. ಯುದ್ಧ ಮುಗಿಯಿತು, ಮನೆಗೆ ಕಳಿಸಿದರು. ಕೋಲಾರದಲ್ಲಿ ತಾಯಿ ಬದ್ರುನ್ನೀಸಾ ಮತ್ತು ತಮ್ಮ ಇಸ್ಮಾಯಿಲ್ ಇದ್ದ ಒಂದು ಕೋಣೆಯ ಮನೆಗೆ ಬಂದು, ಕೆಲಸವಿಲ್ಲದೆ ಕೂತಿದ್ದಾಗ ಕರೆ ಕಳಿಸಿದವನು ಚನ್ನರಾಯಪ್ಪ, ರಾಮಚಂದ್ರಪ್ಪನ ಮಗ, ವರ್ಕ್‌ಶಾಪಿನ ಗೆಳೆಯ. ಅಪ್ಪನ ಗಾಡಿಯನ್ನು ಎಬ್ಬಿಸಿ ಕೊಟ್ಟರೆ, ಕೋಲಾರದ ರಸ್ತೆಗೆ ಮುಖ ಮಾಡಿದ ಈ ಶೆಡ್ಡು ನಿನ್ನದು, ಇಲ್ಲೇ ನಿನ್ನ ರಿಪೇರಿ ಅಂಗಡಿ ಎಂದಿದ್ದ. ಲಿಯಾಖತ್ ಬಾಗಿಲಿಗೆ ಹಾಕುವ ಬೋರ್ಡಿನ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿಕೊಂಡಿದ್ದ.

ಅಂಗಡಿಗಿಂತ ದೊಡ್ಡದು ಇನ್ನೊಂದಿತ್ತು. ವರ್ಕ್‌ಶಾಪಿನಲ್ಲಿ ಅವನ ಊಟದ ಸಾಲೇ ಬೇರೆ, ಚನ್ನರಾಯಪ್ಪನ ಸಾಲೇ ಬೇರೆ. ಒಂದು ದಿನ ಚನ್ನರಾಯಪ್ಪ ಆ ಸಾಲಿನಿಂದ ಎದ್ದು ಬಂದು, ಎಲ್ಲರೆದುರು ಇವನ ತಟ್ಟೆಗೇ ಕೈ ಹಾಕಿ ಉಂಡಿದ್ದ. ಅಂದಿನಿಂದ ಇಬ್ಬರದೂ ಒಂದೇ ತಟ್ಟೆ. ಲಿಯಾಖತ್ ಅದನ್ನು ಯಾರೊಡನೆಯೂ ಆಡಿಕೊಂಡಿರಲಿಲ್ಲ. ಆಡಿದರೆ ಸಣ್ಣದಾಗಿಬಿಡುತ್ತದೆ ಎಂಬ ಭಯ.

ಗಾಡಿ ಇಂಗ್ಲೆಂಡಿನದು, ಒಂದೇ ಸಿಲಿಂಡರಿನದು. ಯುದ್ಧದ ಮೊದಲ ವರ್ಷಗಳಿಂದ ಗೋಣಿತಾಟಿನಡಿ ನಿಂತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗಿ ಹಳಸಿತ್ತು. ಸೈಲೆನ್ಸರಿನೊಳಗೆ ಇಲಿಗಳು ಮರಿ ಹಾಕಿ ಸತ್ತಿದ್ದವು. ತುಕ್ಕಿನ ವಾಸನೆ, ಕೊಳೆತ ತುಪ್ಪಳದ ವಾಸನೆ, ಗೋಡೆಯಾಚೆಯ ಹುಳುಮನೆಯಿಂದ ಬರುವ ಹಸಿ ಸೊಪ್ಪಿನ ವಾಸನೆ. ಅಲ್ಲಿ ಸಾವಿರಾರು ಹುಳುಗಳು ಹಿಪ್ಪುನೇರಳೆ ಎಲೆ ಮೇಯುವ ಸದ್ದು ಸೋನೆಮಳೆಯಂತೆ ಹಗಲಿಡೀ ಕೇಳುತ್ತಿತ್ತು.

ಎಲ್ಲ ತೊಳೆದು, ಹೊಸ ಪೆಟ್ರೋಲು ಹಾಕಿ, ಪಕ್ಕದಲ್ಲಿ ನಿಂತೇ ಕಿಕ್ ಒದ್ದ. ಗಾಡಿ ಕೆಮ್ಮಿತು, ಹೊಗೆ ಕಾರಿತು, ಓಡಿತು.

ಟಕ್. ಟಕ್. ಟಕ್.

ಇಂಜಿನ್ನಿನ ಓಟದ ಕೆಳಗೆ ಇನ್ನೊಂದು ಸದ್ದಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಹುಡುಕಿದ. ಮೇಲುಗಡೆ ಇಟ್ಟರೆ ಸದ್ದು ಕೆಳಗಡೆ. ಕೆಳಗಡೆ ಇಟ್ಟರೆ ಇನ್ನೆಲ್ಲೋ. ವಾಲ್ವು ಎತ್ತುವ ಟ್ಯಾಪೆಟ್ಟಿನ ಸಂದು ಸರಿಮಾಡಿದ. ಸದ್ದು ಹೋಗಲಿಲ್ಲ. ಸಿಲಿಂಡರ್ ಕಳಚಿ ಪಿಸ್ಟನ್ ನೋಡಿದ, ರಾಡನ್ನು ಹಿಡಿದು ಅಲ್ಲಾಡಿಸಿದ. ಎಲ್ಲೂ ಸಡಿಲವಿಲ್ಲ. ಮತ್ತೆ ಜೋಡಿಸಿದ. ಟಕ್, ಟಕ್. ಆಗಲೇ ಅವನಿಗೆ ಇನ್ನೊಂದು ಅರಿವಾಯಿತು. ಗೋಡೆಯಾಚೆ ಹುಳುಗಳು ಮೇಯುವುದನ್ನು ನಿಲ್ಲಿಸಿದ್ದವು.

ಸಂಜೆ ಚನ್ನರಾಯಪ್ಪ ಕೋಲೂರಿಕೊಂಡು ಬಂದ. ಹಿಂದಿನ ವರ್ಷ ರಜೆಗೆಂದು ಊರಿಗೆ ಬಂದವನು ಕುಂಟುತ್ತಾ ವರ್ಕ್‌ಶಾಪಿಗೆ ಮರಳಿದ್ದ. ಬಸ್ಸಿನಿಂದ ಬಿದ್ದೆ ಎಂದಿದ್ದ. ಆ ಒಣಗಾಲಿಗೆ ಎಷ್ಟೋ ದಿನ ಎಣ್ಣೆ ತಿಕ್ಕಿದವನು ಲಿಯಾಖತ್. ಈಗ ಚನ್ನರಾಯಪ್ಪನ ಕಂಕುಳಲ್ಲಿ ಗಾಡಿಯ ಸೀಟಿತ್ತು. ಹೊಸ ಚರ್ಮ ಹೊದಿಸಿದ್ದೀನಿ ಎನ್ನುತ್ತಾ ತಾನೇ ಕೂತು ತಿರುಪು ಬಿಗಿದ.

“ಸದ್ದು ಸಿಗ್ತೇನ್ಲಾ?”

“ನಿಂತಿದ್ರೆ ಸಿಗಲ್ಲ ಯಾರ್. ಏರು ಹತ್ತಿಸ್ಬೇಕು. ಭಾರ ಬಿದ್ರೆ ಅದು ಎಲ್ಲಿಂದ ಬರುತ್ತೋ ಹೇಳ್ತೀನಿ.”

ಚನ್ನರಾಯಪ್ಪ ತಿರುಪಿನಿಂದ ಕಣ್ಣೆತ್ತಲಿಲ್ಲ. “ಹಂಗಾದ್ರೆ ಹತ್ತು. ನನ್ನ ಕಾಲು ನೋಡಿದ್ದೀಯಲ್ಲ.”

“ನಿಮ್ಮ ಮುನಿಯಲ್ಲಮ್ಮ ದಾಟ್ಬೇಡ ಅಂತವ್ಳೆ,” ಎಂದು ನಕ್ಕ ಲಿಯಾಖತ್.

ಚನ್ನರಾಯಪ್ಪ ನಗಲಿಲ್ಲ, ಬೈಯಲೂ ಇಲ್ಲ. “ನಿನ್ನಿಷ್ಟ,” ಎಂದ. ಅಷ್ಟೇ. ಲಿಯಾಖತ್ ಕಾಲೆತ್ತಿ ಸೀಟಿನ ಮೇಲೆ ಬೀಸಿದ.

ಕೆರೆ ಏರಿಯ ಕಡೆ ದಾರಿ ಮೇಲಕ್ಕೇರುತ್ತದೆ. ಹೊತ್ತು ಮುಳುಗಿತ್ತು. ನೀರಿನ ಮೇಲೆ ಕೊನೆಯ ಕೆಂಪು. ಗಾಡಿ ಏದುಸಿರು ಬಿಟ್ಟಂತೆ ಏರತೊಡಗಿತು, ಸದ್ದೂ ಏರಿತು. ಟಕ್. ಟಕ್. ಅದು ಸಿಲಿಂಡರಿನಲ್ಲಿಲ್ಲ. ಗೇರಿನಲ್ಲಿಲ್ಲ. ಚೈನಿನಲ್ಲಿಲ್ಲ. ಸೀಟಿನ ಕೆಳಗೆ. ಈಗ ತೊಡೆಯ ಹತ್ತಿರ. ಗಾಳಿಯಲ್ಲಿ ನಿಂಬೆಹಣ್ಣಿನ ಹುಳಿ ವಾಸನೆ. ಎಲ್ಲಿಂದ? ಏರಿಯ ತುದಿಯಲ್ಲಿ ಬ್ರೇಕು ಒತ್ತಿದ. ಇಂಜಿನ್ ನಿಲ್ಲಿಸಿದ.

ಇಂಜಿನ್ ನಿಂತಿತು.

ಟಕ್. ಟಕ್. ಟಕ್.

ಕಾದ ಕಬ್ಬಿಣ ತಣಿಯುವ ಸದ್ದು, ಎಂದುಕೊಂಡ. ಇಳಿದ. ಸ್ಕ್ರೂಡ್ರೈವರ್ ತೆಗೆದು ಇಂಜಿನ್ನಿಗೆ ಒತ್ತಿದ, ಕಿವಿಗಿಟ್ಟ. ಒಳಗೆ ಏನೂ ಇಲ್ಲ. ಕಲ್ಲಿನಂಥ ಮೌನ. ಸದ್ದು ಹೊರಗಿತ್ತು. ಹತ್ತಿರವಿತ್ತು. ಸೀಟಿನ ತಿರುಪು ಕಿತ್ತ. ಸೀಟು ಮಗುಚಿದ.

ವರ್ಷಗಟ್ಟಲೆ ಮುಚ್ಚಿದ್ದ ಗಾಡಿಯೊಳಗೆ ಹಸಿರು ಬಿಡದ ನಿಂಬೆಹಣ್ಣು. ಅದಕ್ಕೆ ಚುಚ್ಚಿದ ಮೊಳೆಗಳು. ಸುತ್ತ ಬಿಗಿದ ಖಾಕಿ ಬಟ್ಟೆ. ಅದೊಂದು ತೋಳು. ಅಂಗಿಯ ತೋಳು. ಮೊಣಕೈ ಹತ್ತಿರ ಹಸಿರು ದಾರದ ರಫು. ಖಾಕಿ ದಾರ ಸಿಗದೆ ತಾಯಿ ಹಸಿರಲ್ಲೇ ಹೊಲಿದು ಕೊಟ್ಟದ್ದು. ವರ್ಕ್‌ಶಾಪಿನಲ್ಲಿ ಕಳೆದುಹೋಯಿತೆಂದು ಅವನು ಹುಡುಕಿ ಹುಡುಕಿ ಬಿಟ್ಟಿದ್ದ ಅಂಗಿ. ಅಂದು ಅವನ ಜೊತೆ ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದವನು ಚನ್ನರಾಯಪ್ಪ.

ಟಕ್.

ಬಲಮಂಡಿಯ ಮೇಲೆ ಅಂಗೈ ಇಟ್ಟ. ಸದ್ದು ಅಲ್ಲಿತ್ತು. ಚರ್ಮದ ಕೆಳಗೆ. ಎಲುಬಿನೊಳಗೆ. ಯಾರೋ ಕದ ಬಡಿಯುತ್ತಿದ್ದರು. ಓಡಬೇಕೆಂದುಕೊಂಡ. ಕಾಲು ಬರಲಿಲ್ಲ. ಬಿದ್ದ.

ಏರಿಯ ಮೇಲೆ ಹೆಜ್ಜೆ ಕೇಳಿತು. ಬಿರುಸಾದ ಹೆಜ್ಜೆ. ಎರಡು ಗಟ್ಟಿ ಕಾಲುಗಳ ಹೆಜ್ಜೆ. ಚನ್ನರಾಯಪ್ಪ ಬಂದು, ಅಷ್ಟು ದೂರದಲ್ಲಿ ನಿಂತ. ಕೈಯಲ್ಲಿ ಕೋಲಿರಲಿಲ್ಲ.

“ಬಸ್ಸಿಂದ ಬೀಳ್ಲಿಲ್ಲ ನಾನು,” ಎಂದ. “ರಜೆಗೆ ಬಂದಾಗ, ಏನಾಗತ್ತೆ ನೋಡೇಬಿಡೋಣ ಅಂತ ನಿಂತಿದ್ದಂಗೇ ಇದನ್ನ ಹತ್ತಿದ್ದೆ. ಅಪ್ಪ ಮಲಗಿದ್ದಾಗ ಅವರ ತಟ್ಟೇಲೇ ಉಣ್ತಿದ್ದೆ. ಅದಕ್ಕೇ ಅಂಟ್ತು ಅಂದ ಮಂತ್ರವಾದಿ. ಕಳಿಸೋಕೂ ಅದೇ ದಾರಿ ಅಂತೆ. ಅಂಟಿದ ಮೇಲೆ ಒಂದೇ ತಟ್ಟೇಲಿ ಉಂಡವನು ಬೇಕು. ಅವನಾಗೇ ದಾಟ್ಬೇಕು.”

ಲಿಯಾಖತ್ ಮಂಡಿ ಹಿಡಿದು ಬಿದ್ದಿದ್ದಂತೆಯೇ ಹಿಂದಕ್ಕೆ ಎಣಿಸಿದ. ಚನ್ನರಾಯಪ್ಪ ಆ ಸಾಲಿನಿಂದ ಎದ್ದು ಬಂದದ್ದು ಯಾವಾಗ? ಎಲ್ಲರೆದುರು ತಟ್ಟೆಗೆ ಕೈ ಹಾಕಿದ್ದು ಯಾವಾಗ? ರಜೆ ಮುಗಿಸಿ ಬಂದ ಮರುದಿನ. ಕುಂಟುತ್ತಾ ಬಂದು ಕೂತಿದ್ದ.

“ಮೊದಲನೇ ತುತ್ತೂ ಇದಕ್ಕೇನಾ?” ಎಂದು ಕೇಳಿದ.

ಚನ್ನರಾಯಪ್ಪ ಕೆರೆಯ ಕಡೆ ನೋಡಿದ. “ನಮ್ಮೋರಿಗೆ ಅದು ಎಂಜಲು. ನಿನ್ನ ಬಿಟ್ರೆ ನನ್ನ ಜೊತೆ ಒಂದೇ ತಟ್ಟೇಲಿ ಯಾರ್ ಉಣ್ತಿದ್ರು ಹೇಳು,” ಎಂದ. “ಶೆಡ್ಡು ನಿಂದೇ ಕಣೋ. ಗಾಡೀನೂ ನಿಂದೇ.” ಆಮೇಲೆ ತಿರುಗಿ ನಡೆದ. ಕತ್ತಲಲ್ಲಿ ಆ ಸರಿಯಾದ ಹೆಜ್ಜೆಗಳು ಬಹಳ ಹೊತ್ತು ಕೇಳಿಸಿದವು.

ಶೆಡ್ಡನ್ನು ಲಿಯಾಖತ್ ತೆಗೆದುಕೊಳ್ಳಲಿಲ್ಲ. ಗಾಡಿ ಮಾತ್ರ ಎತ್ತಿನ ಬಂಡಿಯಲ್ಲಿ ಕೋಲಾರಕ್ಕೆ ಅವನ ಹಿಂದೆಯೇ ಬಂತು. ಬಾಗಿಲ ಪಕ್ಕ ಗೋಣಿತಾಟಿನಡಿ ನಿಂತಿತು. ತಮ್ಮ ಇಸ್ಮಾಯಿಲ್ ಹೊಲಿಗೆ ಕೆಲಸ ಮುಗಿಸಿ ಬಂದವನೇ ಅದನ್ನು ಒರೆಸುತ್ತಾನೆ. ಒಂದು ಸಲ ಹತ್ತಿ ನೋಡಲೇ ಎಂದು ದಿನವೂ ಕೇಳುತ್ತಾನೆ. ಕೆರೆಗೆ ತಳ್ಳಿಸಿಬಿಡಬೇಕೆಂದು ಲಿಯಾಖತ್ ಎಷ್ಟೋ ಸಲ ಎಣಿಸಿದ. ಪ್ರತಿ ಸಲವೂ ಏನೋ ಒಂದು ನೆಪ ಸಿಕ್ಕಿತು. ಆ ನೆಪ ಎಲ್ಲಿಂದ ಬರುತ್ತಿದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅವರ ಮನೆಯಲ್ಲಿ ಊಟಕ್ಕೆ ಮೊದಲಿನಿಂದಲೂ ಒಂದೇ ದೊಡ್ಡ ತಟ್ಟೆ. ಈಗ ಅವನು ಒಬ್ಬನೇ, ಗೋಡೆಗೆ ಮುಖ ಮಾಡಿ, ಬೇರೆ ತಟ್ಟೆಯಲ್ಲಿ ಉಣ್ಣುತ್ತಾನೆ. ನನ್ನ ಕೈ ನಿನಗೆ ಎಂಜಲಾಯಿತೇ ಎಂದು ಬದ್ರುನ್ನೀಸಾ ಒಮ್ಮೆ ಕೇಳಿದಳು. ಅವನು ತನ್ನ ತಟ್ಟೆಯನ್ನು ಇನ್ನಷ್ಟು ಗೋಡೆಯತ್ತ ಎಳೆದುಕೊಂಡ. ಅವಳು ಮತ್ತೆ ಕೇಳಲಿಲ್ಲ, ಕ್ಷಮಿಸಲೂ ಇಲ್ಲ.

ಒಂದು ಶುಕ್ರವಾರ ಇಸ್ಮಾಯಿಲ್ ತಡೆಯಲಾರದೆ ಎದ್ದು ಬಂದ. ಅಣ್ಣನ ಮುಂದೆ ಕೂತ. ದೊಡ್ಡ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು, “ಒಂದೇ ಒಂದ್ ತುತ್ತು ಭೈಯಾ,” ಎಂದು ನಕ್ಕ.

ಮಂಡಿಯೊಳಗಿನ ಸದ್ದು ನಿಂತಿತು.

ಇಷ್ಟು ದಿನಗಳಲ್ಲಿ ಮೊದಲ ಸಲ ನಿಂತಿತು. ಎಂಥ ಸುಖ. ಎಂಥ ಮೌನ. ಅದು ಕಿವಿಗೊಟ್ಟು ಕಾಯುತ್ತಿತ್ತು. ಲಿಯಾಖತ್‌ನ ಕೈ ತಾನಾಗಿಯೇ ತಟ್ಟೆಯ ಕಡೆ ಸರಿಯಿತು. ಅನ್ನದ ಬಿಸಿ ಬೆರಳಿಗೆ ತಗುಲಿತು. ಅವನು ಆ ಕೈಯನ್ನು ಮುಷ್ಟಿ ಮಾಡಿ, ತಟ್ಟೆಯನ್ನು ಬೀಸಿ ಹೊಡೆದ. ಅನ್ನ ಗೋಡೆಗೆ ಹಾರಿತು. ತಮ್ಮನ ಮುಖ ಬಿಳುಚಿತು, ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಟಕ್, ಎಂದಿತು ಮಂಡಿ. ಟಕ್. ಟಕ್.