ತರೀಕೆರೆಯ ಬೆಂಚು

ಅಜ್ಜಂಪುರದ ದೊಡ್ಡಮ್ಮನ ಮನೆಗೆ ಹೋಗಿಬರುತ್ತೇನೆಂದು ಗಂಡನಿಗೆ ಹೇಳಿ ಕಡೂರಿನಲ್ಲಿ ಬಸ್ಸು ಹತ್ತಿದ ಭೂಮಿಕಾ ಇಳಿದದ್ದು ತರೀಕೆರೆಯಲ್ಲಿ. ಎಚ್‌ಐವಿ ಮಾತ್ರೆಗೆ ಕಡೂರಿನವರು ತರೀಕೆರೆಗೆ ಬರುತ್ತಾರೆ, ತರೀಕೆರೆಯವರು ಕಡೂರಿಗೆ ಹೋಗುತ್ತಾರೆ. ಗುರುತಿನವರ ಕಣ್ಣು ತಪ್ಪಿಸುವ ಈ ಓಡಾಟದಲ್ಲಿ ಲಾಭವೆಲ್ಲ ಬಸ್ಸಿನವರಿಗೆ.

ಆಸ್ಪತ್ರೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದವನನ್ನು ಕಂಡು ಅವಳ ಎದೆ ಧಸಕ್ಕೆಂದಿತು. ಯೋಗಾನಂದ! ಟ್ರ್ಯಾಕ್ಟರ್ ಸ್ಪೇರ್ ತರಲು ಬೀರೂರಿಗೆ ಹೋಗುತ್ತೇನೆಂದಿದ್ದ ಅವಳ ಮೆಕ್ಯಾನಿಕ್ ಗಂಡ.

ಹುಟ್ಟಿನಿಂದಲೇ ಅವಳಿಗೆ ಎಚ್‌ಐವಿ ಇರುವುದನ್ನು ತಿಳಿದೇ ಅವನು ಮದುವೆಯಾಗಿದ್ದ. ಐದು ತಿಂಗಳು ಎಚ್ಚರಿಕೆಯಿಂದಲೇ ಇದ್ದರು. ಎಂಟು ದಿನದ ಹಿಂದೆ ಕಾಂಡೋಮ್ ಹರಿದುಹೋಯಿತು. ಅಂದಿನಿಂದ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ; ಅವನು ಕೈ ಚಾಚಿದರೆ ಮುದುಡುತ್ತಾಳೆ. ನನ್ನಿಂದ ಇವರಿಗೂ ಬಂದುಬಿಟ್ಟರೆ? ಅದನ್ನು ಕೇಳಿ ತಿಳಿಯಲೆಂದೇ ಇವತ್ತು ಅವನಿಗೂ ಸುಳ್ಳು ಹೇಳಿ ಬಂದಿದ್ದಳು.

‘ಬಂದೇಬಿಟ್ಟಿದೆ. ಅದಕ್ಕೇ ನನಗೆ ಹೇಳದೆ ಬಂದಿದ್ದಾರೆ’ ಎಂದುಕೊಂಡಳು.

ಅವನು ತಲೆಯೆತ್ತಿದವನೇ ಸಿಕ್ಕಿಬಿದ್ದ ಕಳ್ಳನ ಹಾಗೆ ನಕ್ಕ.

“ಏನೇ, ಅಜ್ಜಂಪುರ ಇಷ್ಟು ಹತ್ರ ಬಂದ್ಬಿಡ್ತಾ?”

“ನಿಮ್ ಬೀರೂರೂ ಇಲ್ಲಿಗೇ ಬಂದಿಲ್ವಾ ಮತ್ತೆ?” ಎಂದಳು. ನಗು ಬರುವ ಬದಲು ಕಣ್ಣೀರು ಬಂತು. “ಏನ್ ಹೇಳಿದ್ರು ರೀ? ನಿಜ ಹೇಳಿ. ನಿಮ್ಗೂ ಬಂತಾ?”

“ಥೂ, ಬಿಡ್ತು ಅನ್ನೇ! ಇನ್ನೂ ಒಳಗೇ ಹೋಗಿಲ್ಲ ನಾನು.”

ಅಷ್ಟರಲ್ಲಿ ಕೌನ್ಸೆಲರ್ ಮಲ್ಲಿಕಾಂಬ ಇಬ್ಬರನ್ನೂ ಒಳಗೆ ಕರೆದರು. ಗಾಬರಿಯಲ್ಲಿ ಭೂಮಿಕಾ ಎಲ್ಲವನ್ನೂ ಒದರಿಬಿಟ್ಟಳು. ಅವರು ಅವಳ ಫೈಲು ತಿರುವಿ, “ನೋಡಮ್ಮಾ, ನೀನು ಒಂದಿನಾನೂ ಮಾತ್ರೆ ತಪ್ಪಿಸಿಲ್ಲ. ಎರಡು ವರ್ಷದಿಂದ ನಿನ್ನ ವೈರಲ್ ಲೋಡ್ ರಿಪೋರ್ಟಲ್ಲಿ ವೈರಸ್ಸೇ ಕಾಣ್ತಿಲ್ಲ. ಹಿಂಗಿರೋವಾಗ ಕೂಡಿದ್ರೂ ಗಂಡನಿಗೆ ಅಂಟಲ್ಲ, ಕಾಂಡೋಮ್ ಹರಿದ್ರೂ ಅಂಟಲ್ಲ. ನಿಮ್ಮ ಧೈರ್ಯಕ್ಕೆ ಇವರ ರಕ್ತಾನೂ ಇವತ್ತೊಂದ್ಸಲ, ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ಟೆಸ್ಟ್ ಮಾಡೋಣ,” ಎಂದರು.

ಈ ಮಾತನ್ನು ಅವಳು ಮದುವೆಗೆ ಮುಂಚೆಯೂ ಕೇಳಿದ್ದಳು. ಕಿವಿಗೆ ಬಿದ್ದಿತ್ತು, ಹೆದರಿದ ಮನಸ್ಸಿಗೆ ಇಳಿದಿರಲಿಲ್ಲ.

ರಕ್ತ ಕೊಟ್ಟು ಹೊರಗೆ ಬಂದವನನ್ನು ಕೇಳಿದಳು: “ಮತ್ಯಾಕೆ ಕದ್ದು ಬಂದ್ರಿ? ನಿಮ್ಗೂ ಹೆದ್ರಿಕೆ ಆಗಿತ್ತು ತಾನೆ?”

“ಆಗಿತ್ತು. ಸುಳ್ಳು ಯಾಕೆ ಹೇಳ್ಲಿ?” ಅವನು ಅವಳ ಮುಖವನ್ನೇ ನೋಡಿದ. ಆ ನೋಟಕ್ಕೆ ಅವಳ ಕಿವಿ ಬಿಸಿಯಾಯಿತು. “ಆದ್ರೆ ನಂಗೆ ಬಂತಾ ಅಂತ ಕೇಳಕ್ಕೆ ಬರ್ಲಿಲ್ಲ ಕಣೇ. ನನ್ ಹೆಂಡ್ತಿ ನನ್ನ ಮುಟ್ಟಕ್ಕೇ ಹೆದರ್ತಾಳೆ, ಅದಕ್ಕೇನಾದ್ರೂ ಮಾತ್ರೆ ಐತಾ ಅಂತ ಕೇಳಕ್ಕೆ ಬಂದೆ.”

ಎಂಟು ದಿನದಿಂದ ಮುಟ್ಟದ ಆ ಕೈಯನ್ನು ಭೂಮಿಕಾ ಹಿಡಿದುಕೊಂಡಳು.