ಟೈಪಾಗದ ಹನ್ನೆರಡನೇ ಕಥೆ

"ಹನ್ನೆರಡನೇ ಕಥಿ ಎಲ್ಲಿ?"

ನಾಗರತ್ನಾ ಕೇಳಿದ ರಭಸಕ್ಕೆ ರಾಣೆಬೆನ್ನೂರಿನ ಆ ಪುಟ್ಟ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು ತಿದ್ದಿಸಲು ಕೂತಿದ್ದವರೂ ತಲೆಯೆತ್ತಿದರು.

ಅಂಗಡಿಯ ಹನುಮೇಶ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಹನ್ನೊಂದು ಆಗ್ಯಾವ್ರಿ. ಅದೊಂದು ನಾ ಟೈಪ್ ಮಾಡೂದಿಲ್ಲ."

"ಯಾಕ?"

"ಮಾಡೂದಿಲ್ಲ ಅಂದೆನಲ್ರಿ!"

ಅವಳು ಗಡಿಯಾರದತ್ತ ನೋಡಿದಳು. ಧಾರವಾಡದ ಪ್ರಕಾಶನವೊಂದು ಹೊಸಬರ ಮೊದಲ ಪುಸ್ತಕ ಹಾಕುತ್ತೇವೆಂದು ಪ್ರಕಟಣೆ ಕೊಟ್ಟಿತ್ತು. ನೂರು ಪುಟ ಇರಲೇಬೇಕು, ಬರೆದವರು ಮೂವತ್ತರೊಳಗಿರಬೇಕು, ಇವತ್ತೇ ರಿಜಿಸ್ಟರ್ ಅಂಚೆಗೆ ಬೀಳಬೇಕು. ಹನ್ನೊಂದು ಕಥೆ ಸೇರಿದರೆ ಎಂಬತ್ತೆಂಟೇ ಪುಟ. ಬರುವ ತಿಂಗಳು ಅವಳಿಗೆ ಮೂವತ್ತು ತುಂಬುತ್ತದೆ. ಹಾವೇರಿಯ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ, ಸಂಜೆ ಅಗಡಿಯ ಮನೆಯಲ್ಲಿ ಕೂತು ಏಳು ವರ್ಷ ಬರೆದದ್ದು... ಎಲ್ಲ ನೀರಿನಲ್ಲಿ ಹೋಮ!

ಎರಡು ತಿಂಗಳಿಂದ ಇದೇ ಮನುಷ್ಯ ಅವಳಿಗೆ ಕುರ್ಚಿ ಒರೆಸಿ ಕೊಡುತ್ತಿದ್ದ. "ಈ ಕಥಿ ಭಾಳ ಚಲೋ ಐತ್ರಿ" ಅನ್ನುತ್ತಿದ್ದ. ಹಾಗೆಂದ ದಿನ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಮನಸ್ಸು ಯಾರ ಮೇಲೆ ಹೋಗುತ್ತದೋ ಸಿಟ್ಟೂ ಅವರ ಮೇಲೇ ಹೆಚ್ಚು, ಏನು ಮಾಡೋದು ಹೇಳಿ!

"ಆ ಕಥಿಯಾಗಿನ ಗದಿಗೆವ್ವ ಯಾರಂತ ಗೊತ್ತೈತೇನ್ರಿ?" ಅವನು ಈಗ ಅವಳತ್ತ ತಿರುಗಿದ. "ನಮ್ಮವ್ವ."

ನಾಗರತ್ನಾ ಬೆಪ್ಪಾದಳು.

ಭಾನುವಾರಗಳಲ್ಲಿ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂತು ಕೇಳಿದ್ದ ಕಥೆ ಅದು. ಸಂಜೆ ಕೆಲಸ ಬಿಡುವಾಗ ಅವರೆಲ್ಲ ಸಾಹುಕಾರನ ಗೋದಾಮಿನ ಗೇಟಿನಲ್ಲಿ ಸೆರಗು ಝಾಡಿಸಿ ತೋರಿಸಿಯೇ ಹೊರಡಬೇಕಿತ್ತು. ಹದಿನೆಂಟು ವರ್ಷದ ಹಿಂದೆ, ಒಂದು ಸಂಜೆ ಗದಿಗೆವ್ವನ ಉಡಿಯಿಂದ ಒಂದು ಬೊಗಸೆ ಮೆಣಸಿನಕಾಯಿ ಉದುರಿತ್ತು. ಅವಳೇ ಹೇಳಿದ್ದಳು. ಹೆಸರು ಬದಲಿಸಿದರೆ ಆಕೆಯ ಬಾಳನ್ನೇ ಕದ್ದಂತೆ ಎಂದುಕೊಂಡು ನಾಗರತ್ನಾ ಹೆಸರನ್ನು ಹಾಗೇ ಬಿಟ್ಟಿದ್ದಳು. ಹೊಸದಾಗಿ ಬರೆಯುವವರ ತಪ್ಪು!

ತಪ್ಪಾಯಿತು ಅನ್ನಬೇಕಿತ್ತು. ಬಾಯಿಂದ ಬಂದದ್ದೇ ಬೇರೆ.

"ಹೆತ್ತವ್ವನ ಬಗ್ಗೆ ಇಷ್ಟು ನಾಚಿಕಿ ಏನ್ರಿ ನಿಮಗ?"

ಹನುಮೇಶನ ಮುಖ ಬಿಳಿಚಿಕೊಂಡಿತು. ಗದಿಗೆವ್ವನನ್ನೇ ಕೇಳುತ್ತೇನೆಂದು ಅವಳು ಹಸ್ತಪ್ರತಿ ಕಿತ್ತುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ಬ್ಯಾಡಗಿಯಲ್ಲಿ ಗದಿಗೆವ್ವ ಬಾಗಿಲಲ್ಲೇ ಕೂತು ತೊಟ್ಟು ಬಿಡಿಸುತ್ತಿದ್ದಳು. "ಬಾ ತಂಗಿ, ಕುಂದರು. ಯಾಕ ಹಿಂಗ ಬೆವತೀದಿ?"

"ಯವ್ವಾ, ನಿಮ್ಮ ಕಥಿ ಬರದೇನಿ. ಓದ್ತೇನಿ, ಕೇಳ್ರಿ. ಬ್ಯಾಡ ಅಂದ್ರ ಈಗ ನಿಮ್ಮ ಒಲಿಗೆ ಹಾಕ್ತೇನಿ."

ಓದತೊಡಗಿದಳು. ಮುದುಕಿಯ ಮುಖದಲ್ಲಿ ಏನೂ ಕಾಣಲೊಲ್ಲದು!

ಕೊನೆಯ ಪುಟ. ಗೇಟಿನ ಹೊರಗೆ ಶಾಲೆಯ ಪಾಟೀಚೀಲ ಹಿಡಿದು ನಿಂತ ಹುಡುಗನನ್ನು ಯಾರೋ ಕೇಳುತ್ತಾರೆ, ಈಕಿ ನಿಮ್ಮವ್ವ ಏನಲೇ? ಹುಡುಗ, ಅಲ್ರಿ, ಅಂದುಬಿಡುತ್ತಾನೆ. ಗದಿಗೆವ್ವ ಅದನ್ನು ಕೇಳಿಸಿಕೊಂಡಳು, ಕೇಳಿಸದವಳಂತೆ ಸೆರಗು ಹೊದ್ದುಕೊಂಡಳು...

ಹಿಂದೆ ಯಾರೋ ಬಿಕ್ಕಿದರು.

ತಿರುಗಿದರೆ ಹನುಮೇಶ! ಅಂಗಡಿ ಬಿಟ್ಟು ಬೈಕಿನಲ್ಲಿ ಬೆನ್ನಟ್ಟಿ ಬಂದಿದ್ದ.

"ಅವ್ವಾ... ಅವತ್ತ ನಿನಗ ಕೇಳಿಸಿತ್ತಾ?"

ನಾಗರತ್ನಾ ಹಾಳೆಯನ್ನು ಕೆಳಗಿಳಿಸಿದಳು. ಅಯ್ಯೋ ದೇವರೇ! ಇವನಿಗೆ ಅವ್ವನ ಬಗ್ಗೆ ನಾಚಿಕೆಯಿರಲಿಲ್ಲ. ತಾನಾಡಿದ ಮಾತು ಅವ್ವನಿಗೆ ಕೇಳಿಸಿಲ್ಲ ಎಂದು ಹದಿನೆಂಟು ವರ್ಷ ನಂಬಿದ್ದವನು, ಟೈಪ್ ಮಾಡುವ ಮೊದಲು ಕಥೆ ಓದುತ್ತ ಈ ಸಾಲಿಗೆ ಬಂದು ನಿಂತುಬಿಟ್ಟಿದ್ದ!

"ನಾನೇನ ಕಿವುಡಿ ಏನಲೇ?" ಎಂದಳು ಗದಿಗೆವ್ವ.

"ಮತ್ಯಾಕ ಒಂದಿನಾನೂ ಕೇಳಲಿಲ್ಲ?"

"ಕೇಳಿದ್ರ ನೀ ಉಣ್ಣೂದ ಬಿಡ್ತಿದ್ದಿ. ಹೆತ್ತಕಿಗೆ ಅಷ್ಟೂ ತಿಳಿಯೂದಿಲ್ಲೇನು?"

ಅವನು ಅವ್ವನ ಮಡಿಲಿಗೆ ಬಿದ್ದು ಅತ್ತ. ಖಾರದ ಕೈ ಅವನ ಕಣ್ಣಿಗೆ ತಾಗದಿರಲೆಂದು ಅವಳು ಮೊಣಕೈಯಿಂದಲೇ ಅವನ ತಲೆ ಒತ್ತಿಕೊಂಡಳು.

ಆಮೇಲೆ ನಾಗರತ್ನಾಳತ್ತ ತಿರುಗಿದಳು. "ಹಾಕು ತಂಗಿ. ನನ್ನ ಹೆಸರೂ ಇರ್ಲಿ. ಆದ್ರ ಸಾವಕಾರನ ಕಾಲಿಗೆ ಬಿದ್ದೆ ಅಂತ ಯಾಕ ಬರದಿ? ನಾ ಯಾರ ಕಾಲಿಗೂ ಬಿದ್ದಿಲ್ಲ. ಅದಷ್ಟ ತಗೀ."

ಓದುವವರು ಅಳಲಿ ಎಂದು ಸೇರಿಸಿದ್ದ ಮಾತು ಅದು. ನಾಗರತ್ನಾ ತಲೆ ತಗ್ಗಿಸಿ ಹೊಡೆದುಹಾಕಿದಳು.

ಮತ್ತೆ ರಾಣೆಬೆನ್ನೂರು. ಗಡಿಯಾರ ಓಡುತ್ತಿತ್ತು. ಅವಳು ಓದಿದಳು, ಅವನು ಟೈಪ್ ಮಾಡಿದ. ಗದಿಗೆವ್ವ ಕೇಳಿಸಿಕೊಂಡಳು ಎಂಬ ಸಾಲು ಬಂದಾಗ ಅವನ ಬೆರಳು ನಿಂತಿತು. ಅವಳು ಅವಸರ ಮಾಡಲಿಲ್ಲ. ತಾನಾಗಿಯೇ ಬಡಿದು ಮುಗಿಸಿದ. ಅಂಚೆ ಗುಮಾಸ್ತ ಕಿಟಕಿ ಮುಚ್ಚುವ ಹೊತ್ತಿಗೆ ಸರಿಯಾಗಿ ನೂರಾ ಒಂದು ಪುಟದ ಲಕೋಟೆ ಒಳಗೆ ಬಿತ್ತು!

"ಮುಂಜಾನೆ ನಾ ಆಡಿದ ಮಾತು..." ಎಂದಳವಳು.

"ಬಿಡ್ರಿ," ಎಂದನವನು.

ಶ್ರಾವಣದಲ್ಲಿ ಧಾರವಾಡದಿಂದ ಪತ್ರ ಬಂತು. ಆರಿಸಿದ್ದರು! ಅಪ್ಪನಿಗೂ ಹೇಳದೆ ಅವಳು ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಪತ್ರ ಓದಿ ಹನುಮೇಶನ ಮುಖ ಅರಳಿತು. ಮರುಗಳಿಗೆಯೇ ಬಾಡಿತು. "ಇನ್ನ ಬ್ಯಾಡಗಿ ತುಂಬ ಓದ್ತಾರ. ಆ ಹುಡುಗ ಯಾರು ಅಂತ ಕೇಳ್ತಾರ."

ನಾಗರತ್ನಾ ಪತ್ರ ವಾಪಸ್ ತೆಗೆದುಕೊಂಡಳು. ಏಳು ವರ್ಷದ ಕನಸು ಕೈಯಲ್ಲಿತ್ತು. ಆದರೂ ಹೇಳಿದಳು.

"ಇನ್ನೂ ಅಚ್ಚಾಗಿಲ್ಲ. ನೀವು ಬ್ಯಾಡ ಅಂದ್ರ ಪುಸ್ತಕಾನ ನಿಲ್ಲಸ್ತೇನಿ... ಖರೇ ಹೇಳ್ತೇನಿ."

"ನನ್ನ ಸಲುವಾಗಿ?"

"ಮತ್ಯಾರ ಸಲುವಾಗಿ!" ಅವಳ ಕಣ್ಣು ತುಂಬಿತು.

ಅವನು ಎದ್ದು ಬಂದ. "ನಿಲ್ಲಸಬ್ಯಾಡ್ರಿ. ಕೇಳಿದವರಿಗೆ ನಾನ ಅಂತ ಹೇಳ್ತೇನಿ. ಹೇಳೂವಾಗ ನೀವು ನನ್ನ ಬಾಜೂಕ ಇದ್ರ ಸಾಕು."

"ಅದೊಂದ ದಿನ ಏನು?"

"ಇರೂತನಕ."

ಅವಳು ಅಳುತ್ತಲೇ ನಕ್ಕಳು. "ಹಂಗಾರ ಅಗಡಿಗೆ ಬಂದು ನಮ್ಮಪ್ಪನ್ನ ಕೇಳ್ರಿ. ಒಬ್ಬರ ಬರಬ್ಯಾಡ್ರಿ."

"ಇಲ್ಲ. ಕರಕೊಂಡು ಬರ್ತೇನಿ. ಈಕಿ ನಮ್ಮವ್ವ ಅಂತ ಮೊದಲ ಹೇಳಿ, ಆಮ್ಯಾಲ ನಿಮ್ಮನ್ನ ಕೇಳ್ತೇನಿ."

"ಲಗೂ ಬರ್ರಿ, ತಡಾ ಮಾಡಬ್ಯಾಡ್ರಿ," ಎಂದಳು ನಾಗರತ್ನಾ.