ಗಾಜು ಹಾಕದ ಪಟ

“ಗ್ಲಾಸ್ ಹಾಕ್ಸಿ ಸಾರ್. ಗ್ಲಾಸ್ ಇಲ್ದೆ ಈ ಪಟ ನನ್ ಅಂಗಡಿಯಿಂದ ಆಚೆ ಹೋಗೋದು ಬೇಡ” ಎಂದ ದಸ್ತಗೀರ್ ಸಾಬ್.

ಅಂಜನ್ ನಕ್ಕುಬಿಟ್ಟ. ತುಮಕೂರಿನ ಮಂಡಿಪೇಟೆಯ ಒಂದು ಓಣಿಯಲ್ಲಿ, ದೇವರ ಪಟಗಳಿಗೂ ಸತ್ತವರ ಫೋಟೋಗಳಿಗೂ ಕಟ್ಟು ಹಾಕಿಕೊಂಡು ಕೂದಲು ಹಣ್ಣಾದ ಈ ಮುದುಕ ತನಗೆ ಕಲೆಯ ಪಾಠ ಹೇಳಲು ಹೊರಟಿದ್ದಾನಲ್ಲ ಎನ್ನಿಸಿತು.

“ಆಯಿಲ್ ಪೇಂಟಿಂಗ್‌ಗೆ ಪ್ರಪಂಚದಲ್ಲಿ ಎಲ್ಲೂ ಗ್ಲಾಸ್ ಹಾಕಲ್ಲ ಸಾಬ್ರೇ. ಇದೇನು ಲಕ್ಷ್ಮಿ ಪಟಾನಾ, ಕುಂಕುಮ ಇಡೋದಕ್ಕೆ?”

ಸಾಬ್ ನಗಲಿಲ್ಲ. ಅಂಗಡಿಯ ತುಂಬ ಮರದ ಹೊಟ್ಟು, ವಾರ್ನಿಷು, ಅಂಟಿನ ವಾಸನೆ. ಅವುಗಳ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಆಗಷ್ಟೇ ತೋಡಿದ ಗುಂಡಿಯದು, ಬಿಸಿಲು ಕಾಣದ ಮಣ್ಣಿನದು. ಮುದುಕ ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

“ಇದ್ರಲ್ಲಿರೋ ಹೊಲ ಬಣ್ಣದ್ದಲ್ಲ ಸಾರ್. ಬರ್ದೋನು ಬಣ್ಣಕ್ಕೆ ನಿಜವಾದ್ ಮಣ್ಣು ಕಲ್ಸವ್ನೆ. ನಮ್ಮಪ್ಪನ್ನ ಮಣ್ ಮಾಡ್ದಾಗ ಈ ಕೈಯಲ್ಲೇ ಮಣ್ ಹಾಕಿದೀನಿ. ಆ ವಾಸ್ನೆ ಮರ್ಯೋದಲ್ಲ. ಮನೇಲಿ ಮಕ್ಳು ಅವ್ರಾ?”

“ಮಗಳಿದಾಳೆ.”

“ಹಂಗಾದ್ರೆ ಮನೆಗೆ ತಗೊಂಡ್ ಹೋಗ್ಬೇಡಿ.”

ಅಂಜನ್ ಪಟವನ್ನು ಎತ್ತಿ ಕಾರಿನ ಹಿಂದಿನ ಸೀಟಿಗೆ ಹಾಕಿ, ಸೀದಾ ಮನೆಗೇ ಹೊರಟ. ಬೇಡ ಅಂದರೆ ಮಾಡಿಯೇ ತೀರುವ ಜಾತಿಯ ಮನುಷ್ಯ ಅವನು.

ಮೈಸೂರಿನ ಇಂಜಿನಿಯರ್ ಅಂಜನ್ ತುಮಕೂರಿಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬೆಟ್ಟದ ಕೆಳಗೆ ಹೊಲಗಳನ್ನು ಕೊಂಡು, ಬೆಂಗಳೂರಿನವರು ವಾರಕ್ಕೊಮ್ಮೆ ಬಂದು ಮಲಗಿ ಹೋಗುವಂಥ ತೋಟದ ಮನೆಗಳನ್ನು ಕಟ್ಟುತ್ತಿದ್ದ. ಅದಕ್ಕೆ ‘ಆಲಿವ್ ಕೋಸ್ಟ್ ಫಾರ್ಮ್ಸ್’ ಎಂದು ಹೆಸರಿಟ್ಟಿದ್ದ. ಆಲಿವ್ ಮರವನ್ನು ಅವನೂ ಕಂಡಿರಲಿಲ್ಲ, ಕೊಳ್ಳುವವರೂ ಕಂಡಿರಲಿಲ್ಲ. ಸಮುದ್ರವಂತೂ ಘಟ್ಟ ಇಳಿದು ಹೋದರೆ ಸಿಗುತ್ತಿತ್ತು. ಆದರೂ ಸೈಟ್ ಆಫೀಸಿಗೆ ಬಂದವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಮೆಡಿಟರೇನಿಯನ್ ಕಡಲೇ ಎಂದು ಅವನು ತೀರ್ಮಾನಿಸಿದ್ದ. ಇಟಲಿಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಇದನ್ನು ದೊಡ್ಡದಾಗಿ ಆಯಿಲ್ ಪೇಂಟಿನಲ್ಲಿ ಬರೆದುಕೊಡು ಎಂದು ಕುಣಿಗಲ್ಲಿನ ಬೋರ್ಡ್ ಪೇಂಟರ್ ರಾಮಾಂಜಿನಯ್ಯನ ಕೈಗೆ ಕೊಟ್ಟ.

ಅವನು ಬರೆದದ್ದನ್ನು ಚೆನ್ನಾಗಿಲ್ಲ ಎನ್ನುವಂತಿರಲಿಲ್ಲ. ಮೇಲೆ ನೀಲಿ ಕಡಲು, ದಂಡೆಗೆ ಅಂಟಿಕೊಂಡ ಸುಣ್ಣದ ಮನೆ, ಬೂದು ಹಸಿರಿನ ಆಲಿವ್ ಮರಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದ್ರಾಕ್ಷಿ ತೋಟ. ಕೆಳಗೆ ಉತ್ತು ಬಿಟ್ಟ ಕೆಂಪು ಹೊಲ. ಹೊಲದ ಮೂಲೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಬಗ್ಗಿದ್ದಳು. ಆ ಹೊಲದ ಕೆಂಪು ಮಾತ್ರ ಇಟಲಿಯದಾಗಿರಲಿಲ್ಲ. ಅದು ಹುತ್ರಿದುರ್ಗದ ಕೆಂಪು.

ರಾಮಾಂಜಿನಯ್ಯನಿಗೇ ಆ ಕೆಲಸ ಕೊಟ್ಟದ್ದಕ್ಕೆ ಒಂದು ಹಿನ್ನೆಲೆ ಇತ್ತು. ಅವನ ತಾಯಿ ದೊಡ್ಡಗಂಗಮ್ಮನ ಹೊಲವೂ ಅಂಜನ್ ಪಾಲಾಗಿತ್ತು. ಎಲ್ಲರೂ ಕೊಟ್ಟಾಗ ಅವಳೂ ಕೊಟ್ಟಿದ್ದಳು, ಅದರಲ್ಲಿ ಮೋಸವಿರಲಿಲ್ಲ. ಅವಳು ಕೇಳಿದ್ದು ಒಂದೇ. ಹೊಲದ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಅವಳ ಮೊಮ್ಮಗಳು ಹನುಮಿಯನ್ನು ಮಣ್ಣು ಮಾಡಿದ್ದರು. ರಾಮಾಂಜಿನಯ್ಯನ ಒಬ್ಬಳೇ ಮಗಳು, ಇನ್ನೂ ಹಾಲುಹಲ್ಲು ಉದುರುತ್ತಿದ್ದ ಕೂಸು, ಹಾವು ಕಡಿದು ಸತ್ತಿದ್ದಳು.

“ಆ ಮೂಲೆ ಒಂದ್ ಬುಟ್ಬುಡಪ್ಪ. ಕೂಸು ಮಲಗವ್ಳೆ” ಎಂದಿದ್ದಳು ಮುದುಕಿ.

ಆ ಕಡೆ ಹೊಲ ಕೈ ಬದಲಿಸುವಾಗ, ಕೊಂಡವನು ಒಂದು ಹಿಡಿ ಮಣ್ಣೆತ್ತಿ ಕೊಟ್ಟವರ ಅಂಗೈಯಲ್ಲಿಟ್ಟು ಮಾತು ಕೊಡುತ್ತಾನೆ. ಅಂಜನ್ ಕೊಟ್ಟ. ನಗುತ್ತಲೇ ಕೊಟ್ಟ. ಆಮೇಲೆ ನಕ್ಷೆ ಬಂತು. ಬೆಟ್ಟ ಚೆಂದ ಕಾಣುವ ಜಾಗ ಅದೊಂದೇ, ಈಜುಕೊಳ ಅಲ್ಲೇ ಬರಬೇಕು ಎಂದಾಯಿತು. ಮುದುಕಿ ಓಡಿ ಬರುವ ಹೊತ್ತಿಗೆ ಹೊಂಗೆ ಮರ ಉರುಳಿತ್ತು, ಜೆಸಿಬಿ ಗುಂಡಿಯಿಂದ ಮೇಲಕ್ಕೆ ಬರುತ್ತಿತ್ತು.

ಅವಳು ಅಳಲಿಲ್ಲ. ಗುಡ್ಡೆ ಹಾಕಿದ್ದ ಮಣ್ಣಿನಿಂದ ಒಂದು ಹಿಡಿ ಎತ್ತಿ ಅಂಜನ್ ಮೇಲೆ ತೂರಿದಳು. ಹತ್ತೂ ಬೆರಳಿನ ನೆಟಿಗೆ ಮುರಿದಳು.

“ನಿನ್ ಅನ್ನ ಮಣ್ಣಾಗ್ಲಿ. ನಂದು ನನ್ ಮಡ್ಲಿಗೆ ವಾಪಸ್ ಬರ್ಲಿ.”

ಅಂಜನ್ ಅಂಗಿ ಕೊಡವಿಕೊಂಡ. ಸಮಾಧಾನಕ್ಕಿರಲಿ ಎಂದು ಅವಳ ಮಗನಿಗೆ ಪಟದ ಕೆಲಸ ಹೇಳಿದ. ರಾಮಾಂಜಿನಯ್ಯ ಕ್ಯಾಲೆಂಡರಿನ ಹಾಳೆ ಇಸಕೊಂಡ. ತನ್ನದು ದೊಡ್ಡ ಮನಸ್ಸು ಎಂದುಕೊಂಡ ಅಂಜನ್. ಮಗಳ ಗುಂಡಿ ಅಗೆಸಿದವನು ಅಪ್ಪನ ಕೈಗೆ ಕುಂಚ ಕೊಟ್ಟು ಹಾಗೆ ಅಂದುಕೊಂಡ. ಇಂಥವರಿಗೆ ಏನು ಹೇಳುವುದು.

ಸೈಟ್ ಆಫೀಸಿನ ಗಿಲಾವು ಇನ್ನೂ ಹಸಿಯಾಗಿದ್ದರಿಂದ ಪಟವನ್ನು ಮನೆಯಲ್ಲಿ, ಊಟದ ಮೇಜಿನ ಎದುರು ನೇತು ಹಾಕಿದರು. ಅಂಜನ್‌ನ ಹೆಂಡತಿ ಶೃತಿ ಗುಬ್ಬಿಯವಳು. ಒಂದಿಷ್ಟು ಹೊತ್ತು ನೋಡಿ, “ಆ ಹೆಂಗ್ಸು ಏನ್ ಮಾಡ್ತಿದಾಳೆ? ಬಿತ್ತೋ ಹಂಗೂ ಇಲ್ಲ, ಕೊಯ್ಯೋ ಹಂಗೂ ಇಲ್ಲ” ಎಂದಳು.

“ಇಟಲಿಯವ್ಳು. ನಿನ್ ತರ ಅಲ್ಲ” ಎಂದ ಅಂಜನ್.

ಮೊದಲು ಬಂದದ್ದು ಸದ್ದು. ಊಟಕ್ಕೆ ಕೂತಾಗ ಗೋಡೆಯ ಕಡೆಯಿಂದ ಲಟ್ ಎನ್ನುತ್ತಿತ್ತು. ತುಸು ಬಿಟ್ಟು ಇನ್ನೊಂದು ಲಟ್. ಹೊಸ ಮರ, ಒಣಗುತ್ತಿದೆ ಎಂದ ಅಂಜನ್. ಆಮೇಲೆ ವಾಸನೆ. ಸಮುದ್ರವೇ ಇಲ್ಲದ ಊರಲ್ಲಿ ಉಪ್ಪುಗಾಳಿಯ ವಾಸನೆ, ಅದರ ಹಿಂದೆಯೇ ಹಸಿ ಮಣ್ಣಿನದು. ಶೃತಿ ಅಗರಬತ್ತಿ ಹಚ್ಚಿದರೆ ಹೊಗೆ ಮೇಲೇರದೆ ಪಟದ ಕಡೆಗೇ ಹರಿಯುತ್ತಿತ್ತು.

ಅವರ ಮಗಳು ಸಿಂಚನ ಒಂದನೇ ಕ್ಲಾಸಿನಲ್ಲಿದ್ದಳು. ಅಪ್ಪ ಮನೆಗೆ ಬಂದರೆ ಶೂ ಬಿಚ್ಚುವುದಕ್ಕೂ ಬಿಡದೆ ಹೆಗಲೇರುವ ಹುಡುಗಿ. ಅಂಜನ್‌ಗೆ ಪ್ರಪಂಚದಲ್ಲಿ ಯಾರ ಮೇಲಾದರೂ ಜೀವವಿದ್ದರೆ ಅದು ಇವಳ ಮೇಲೆ. ಅವಳು ಈಗ ಅನ್ನದ ತಟ್ಟೆ ದೂಡತೊಡಗಿದಳು. ತುತ್ತಿಟ್ಟರೆ ಉಗಿಯುತ್ತಿದ್ದಳು. ಕೆನ್ನೆ ಇಳಿಯಿತು, ಕಣ್ಣು ಗುಳಿ ಬಿತ್ತು. ಒಂದು ದಿನ ಹಲ್ಲುಜ್ಜಿಸುವಾಗ ಶೃತಿಗೆ ಮಗುವಿನ ಹಲ್ಲಿನ ಸಂದಿಯಲ್ಲಿ ಕೆಂಪು ಮಣ್ಣು ಸಿಕ್ಕಿತು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಮಕ್ಕಳು ಮಣ್ಣು ತಿನ್ನುತ್ತಾರೆ ಎಂದು ಡಾಕ್ಟರು ಟಾನಿಕ್ ಬರೆದರು.

“ನೋಡ್ದಾ, ಇಷ್ಟೇ” ಎಂದ ಅಂಜನ್.

“ಸ್ಕೂಲಿಂದ ಬಂದ್ಮೇಲೆ ಅವ್ಳು ಮನೆಯಿಂದ ಆಚೆ ಕಾಲಿಟ್ಟಿಲ್ಲ ಕಣ್ರಿ. ಮಣ್ ಎಲ್ ಸಿಗ್ತು?” ಎಂದಳು ಶೃತಿ.

ಉತ್ತರ ಒಂದು ಸಂಜೆ ಸಿಕ್ಕಿತು. ಅಂಜನ್ ಮನೆಗೆ ಬಂದಾಗ ಕರೆಂಟು ಹೋಗಿತ್ತು. ಶೃತಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬಾಗಿಲು ತೆರೆದಿತ್ತು. ಒಳಗೆ ಕತ್ತಲು. ಗುಂಡಿಯೊಳಗೆ ಇಳಿದ ಹಾಗೆ ತಣ್ಣಗಿತ್ತು.

“ಸಿಂಚನಾ?”

ಕರ ಕರ ಸದ್ದು. ಇಲಿಯಿರಬೇಕು ಎಂದುಕೊಂಡ. ಇಲಿಯಲ್ಲ. ಸದ್ದು ಎತ್ತರದಿಂದ ಬರುತ್ತಿತ್ತು. ಟಾರ್ಚ್ ಒತ್ತಿದ.

ಕುರ್ಚಿಯ ಮೇಲೆ ಮಗಳು ನಿಂತಿದ್ದಳು. ಮುಖ ಪಟಕ್ಕೆ ಒತ್ತಿಕೊಂಡಿತ್ತು. ಉಗುರಿನಿಂದ ಕೆರೆಯುತ್ತಿದ್ದಳು. ಕೆರೆದು ನೆಕ್ಕುತ್ತಿದ್ದಳು. ಉಗುರಿನ ಬುಡದಲ್ಲಿ ರಕ್ತ. ತುಟಿಯೆಲ್ಲ ಕೆಂಪು ಮಣ್ಣು. ಕೆಂಪು ಹೊಲ ಇರಲಿಲ್ಲ. ಇದ್ದ ಜಾಗದಲ್ಲಿ ಬಿಳಿ ಬಟ್ಟೆ. ಕಡಲಿತ್ತು. ಮನೆಯಿತ್ತು. ಹೆಂಗಸಿದ್ದಳು. ಬೆನ್ನು ಹಾಕಿರಲಿಲ್ಲ. ತಿರುಗಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ಹಿಡಿದಿದ್ದಳು. ಆ ಮುಖ ಅವನಿಗೆ ಗೊತ್ತಿತ್ತು.

ಲಟ್. ಲಟ್. ಲಟ್.

ಸಿಂಚನ ನಿಧಾನಕ್ಕೆ ತಿರುಗಿದಳು. “ಅಜ್ಜಿ ತಿನ್ನು ಅಂದ್ಲು. ಎಲ್ಲಾ ತಿಂದ್ಬುಟ್ಟೆ” ಎಂದಳು. ಆ ಮನೆಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಅಷ್ಟು ಹೇಳಿ ಕುರ್ಚಿಯಿಂದ ಬಿದ್ದಳು.

ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಗಳೂ ಆದವು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಬಾಯಿಗೆ ನೀರು ಬಿಟ್ಟರೆ ಕೆಸರಾಗಿ ಹೊರಗೆ ಬರುತ್ತಿತ್ತು. ಅಂಜನ್ ಆಗ ಬಾಯಿಬಿಟ್ಟ. ಹೊಂಗೆ ಮರ, ಕೊಟ್ಟ ಮಾತು, ತೂರಿದ ಮಣ್ಣು, ಎಲ್ಲವನ್ನೂ ಹೆಂಡತಿಗೆ ಹೇಳಿದ. ಶೃತಿ ಅವನ ಕಡೆ ನೋಡಲೇ ಇಲ್ಲ.

“ನಮ್ ಗುಬ್ಬಿ ಕಡೆ ಹೇಳ್ತಾರೆ. ಮಣ್ ತೂರಿ ಹಾಕಿದ ಶಾಪ ಬೇರೆ ಯಾರ್ ಕೈಲೂ ಇಳಿಯಲ್ಲ. ತೂರಿದವ್ರೇ ಆ ಮಣ್ಣನ್ನ ಮಡ್ಲಲ್ಲಿ ಈಸ್ಕೋಬೇಕು. ಏಳಿ, ಅವ್ರ ಕಾಲ್ ಹಿಡ್ಕೊಳ್ಳಿ” ಎಂದಳು.

ಅಂಜನ್ ಈ ಸಲ ನಗಲಿಲ್ಲ.

ಮಗುವನ್ನೂ ಪಟವನ್ನೂ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಕಾರು ಹುತ್ರಿದುರ್ಗ ತಲುಪಿತು. ದೊಡ್ಡಗಂಗಮ್ಮ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ರಾಮಾಂಜಿನಯ್ಯ ಜಗುಲಿಯ ಕಂಬಕ್ಕೆ ಒರಗಿದ್ದ. ಇವರು ಬರುವುದು ಗೊತ್ತಿತ್ತು ಎನ್ನುವಂತೆ ಇಬ್ಬರೂ ಏಳಲಿಲ್ಲ.

ಅಂಜನ್ ಅಂಗಳದಲ್ಲಿ ಉದ್ದಕ್ಕೆ ಬಿದ್ದ. “ತಪ್ಪಾಯ್ತು ಅಮ್ಮ. ಕೊಳ ಮುಚ್ಚಿಸ್ತೀನಿ. ಹೊಲ ಪೂರ್ತಿ ನಿಮ್ದೇ. ಈ ಮಣ್ಣು ವಾಪಸ್ ಈಸ್ಕೊಳ್ಳಿ. ನನ್ ಮಗಳು ಸಾಯ್ತಿದಾಳೆ.”

ಮುದುಕಿ ಮೊರ ಪಕ್ಕಕ್ಕಿಟ್ಟು ಸೆರಗೊಡ್ಡಿದಳು. ಪಟದಲ್ಲಿ ಕಂಡಂತೆಯೇ ಒಡ್ಡಿದಳು.

“ಹಾಕು.”

ಅಂಜನ್ ಪಟ ತಂದ. ಕಾರಿನ ಕೀಲಿಯಿಂದ ಕೆರೆದ. ನೀಲಿ ಬಂತು, ಹಸಿರು ಬಂತು, ಸುಣ್ಣದ ಬಿಳಿ ಬಂತು. ಕೆಂಪು ಬರಲಿಲ್ಲ. ಬಟ್ಟೆ ಹರಿಯುವವರೆಗೂ ಕೆರೆದ.

“ಇದು ಬಣ್ಣ. ನನ್ ಮಣ್ಣೆಲ್ಲಿ?” ಎಂದಳು ಮುದುಕಿ.

ಶೃತಿಯ ತೋಳಲ್ಲಿ ಮಗುವಿನ ಉಸಿರು ಒಮ್ಮೆ ಬಂದು, ನಿಂತು, ಮತ್ತೆ ಬಂತು.

“ಯಾರ್ ಹೊಟ್ಟೇಲೈತೋ ಅವ್ರೇ ಬರ್ಲಿ. ನಾನೇನ್ ಬಲವಂತ ಮಾಡಾಕಿಲ್ಲ” ಎಂದಳು ದೊಡ್ಡಗಂಗಮ್ಮ. ಅವಳ ಕಣ್ಣಲ್ಲಿ ಕರುಣೆ ಇರಲಿಲ್ಲ. ಇರಬೇಕು ಎಂದು ಕೇಳುವ ಮುಖ ಅಂಜನ್‌ಗೂ ಇರಲಿಲ್ಲ.

“ಬೇಡ ಕಣ್ರಿ” ಎಂದು ಶೃತಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಉಸಿರು ಮತ್ತೆ ನಿಂತಿತು. ಈ ಸಲ ಬರಲಿಲ್ಲ. ತುಟಿ ನೀಲಿಯಾಯಿತು. ಅಂಜನ್ ಎದ್ದ. ಹೆಂಡತಿಯ ತೋಳು ಬಿಡಿಸಿದ. ಮಗಳನ್ನು ಎತ್ತಿದ. ಅವಳಿಗೆ ತೂಕವೇ ಇರಲಿಲ್ಲ. ಮುದುಕಿಯ ಮಡಿಲಿಗೆ ಹಾಕಿದ.

ಮಗು ಉಸಿರೆಳೆದುಕೊಂಡಿತು. ಕಣ್ಣು ಬಿಟ್ಟಿತು. ದೊಡ್ಡಗಂಗಮ್ಮ ಒಳಗಿನಿಂದ ಮುದ್ದೆ ತರಿಸಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಮಗು ನುಂಗಿತು, ಇನ್ನೊಂದಕ್ಕೆ ಬಾಯಿ ತೆರೆಯಿತು. ಆಗ ಮುದುಕಿ ಮೊದಲ ಸಲ ಅತ್ತಳು. ಎರಡೂ ಕೈಯಿಂದ ಮಗುವಿನ ಮುಖ ನೀವಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಲಟ್ ಲಟ್ ಲಟ್. ಊಟದ ಮೇಜಿನ ಎದುರು ದಿನವೂ ಕೇಳಿಸುತ್ತಿದ್ದ ಸದ್ದು ಅದೇ.

“ಸಿಂಚನಾ, ಬಾ ಪುಟ್ಟಿ” ಎಂದು ಶೃತಿ ಕೈ ಚಾಚಿದಳು.

ಮಗು ಮುದುಕಿಯ ಸೆರಗಿನ ಹಿಂದೆ ಮುಖ ಮರೆಸಿಕೊಂಡಿತು. “ಅಜ್ಜಿ, ಇವ್ರ್ಯಾರು?”

ಅವರು ಸುಮ್ಮನೆ ಬಿಟ್ಟು ಬರಲಿಲ್ಲ. ಎತ್ತಿಕೊಂಡು ಕಾರಿಗೆ ಹಾಕಿದರು. ಊರಿನ ಎಲ್ಲೆ ದಾಟುತ್ತಿದ್ದ ಹಾಗೆಯೇ ಮಗುವಿನ ಬಾಯಿಂದ ಕೆಸರು ಬಂತು, ಉಸಿರು ನಿಂತಿತು. ಕಾರು ತಿರುಗಿಸಿದರು. ಮುದುಕಿ ಅದೇ ಹೊಸ್ತಿಲ ಮೇಲೆ, ಹಾಗೆಯೇ ಸೆರಗೊಡ್ಡಿಕೊಂಡು ಕೂತಿದ್ದಳು.

“ನಾನ್ ಕೇಳಿದ್ದು ಒಂದ್ ಮೂಲೆ ಅಷ್ಟೇ ಕಣಪ್ಪ” ಎಂದಳು.

ಈಜುಕೊಳ ಮುಚ್ಚಿತು. ಅದರ ಮೇಲೆ ರಾಮಾಂಜಿನಯ್ಯ ಹೊಂಗೆ ಸಸಿ ನೆಟ್ಟ. ಶೃತಿ ಅದೇ ಊರಲ್ಲಿ ಒಂದು ಕೋಣೆ ಹಿಡಿದು ಉಳಿದುಬಿಟ್ಟಳು. ದಿನವೂ ಹುಡುಗಿಗೆ ಜಡೆ ಹಾಕಿ ಇಸ್ಕೂಲಿಗೆ ಬಿಟ್ಟು ಬರುತ್ತಾಳೆ. ಹುಡುಗಿ ಅವಳನ್ನು ಅಕ್ಕ ಎನ್ನುತ್ತಾಳೆ. ಅಷ್ಟಕ್ಕೇ ಆ ತಾಯಿ ಬದುಕಿಕೊಂಡಿದ್ದಾಳೆ.

ಅಂಜನ್ ಭಾನುವಾರ ಬರುತ್ತಾನೆ. ಬೇಲಿಯ ಆಚೆ ನಿಲ್ಲುತ್ತಾನೆ. ಒಂದು ಸಲ ದೊಡ್ಡಗಂಗಮ್ಮನೇ ಒಳಕ್ಕೆ ಕರೆದು ಜಗುಲಿಯ ಮೇಲೆ ತಟ್ಟೆ ಹಾಕಿದಳು. ಹುಡುಗಿ ಚೊಂಬಲ್ಲಿ ನೀರು ತಂದಿಟ್ಟು, ಹೊಸಬರನ್ನು ನೋಡುವ ಹಾಗೆ ಅವನನ್ನು ನೋಡುತ್ತ ನಿಂತಳು. ಮೈ ತುಂಬಿಕೊಂಡಿತ್ತು. ಮುಂದಿನ ಹಲ್ಲು ಉದುರಿತ್ತು.

“ನಿನ್ ಹೆಸ್ರೇನು ಪುಟ್ಟಿ?” ಎಂದ ಅಂಜನ್.

“ಹನುಮಿ” ಎಂದಳು. “ಊಟ ಮಾಡಿ. ತಣ್ಗಾಯ್ತದೆ.”

ಅವನು ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ನಾಲಿಗೆಯ ಮೇಲೆ ಅದು ತಣ್ಣಗಾಯಿತು. ಹಲ್ಲಿನ ನಡುವೆ ಕರ ಕರ ಎಂದಿತು. ಗುಂಡಿಯ ವಾಸನೆ ಮೂಗಿಗೇರಿತು. ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳೂ ನೋಡುತ್ತಿದ್ದಳು. ಉಗಿಯುವಂತಿರಲಿಲ್ಲ. ಅವನು ನುಂಗಿದ, ಮುಂದಿನ ತುತ್ತು ಮುರಿದುಕೊಂಡ.